ಕರಿ ನಾಲ್ಕನ್ನು ಹುಡುಕಿ ಜಪಾನಿಗೆ

ದೇಶ ಸುತ್ತಬೇಕು, ಕೋಶ ಓದಬೇಕು, ಇವೆರಡರಿಂದಲೇ ಮನುಷ್ಯನಿಗೆ ಜ್ಞಾನ ಎಂದು ಹಿರಿಯರು ಹೇಳಿದ್ದಾರೆ. ನಾನು ಜಪಾನ್ ದೇಶವನ್ನು ಸುತ್ತಿದ್ದು ಹೆಬ್ಬೆರಳಿನ ತುದಿಯಷ್ಟಿರುವ ಒಂದು ಹಿತ್ತಾಳೆ ಪುಲ್ಲಿಗಾಗಿ, ಅದೂ ಇನ್ನೊಬ್ಬರ ಖರ್ಚಿನಲ್ಲಿ. ಕೋಶದ ವಿಷಯಕ್ಕೆ ಬಂದರೆ, ವಿಮಾನ ನೀರಿಗೆ ಬಿದ್ದಾಗ ಏನು ಮಾಡಬೇಕೆಂಬ ಸೂಚನಾಪತ್ರವನ್ನು ಹೋಗುವಾಗಲೂ ಬರುವಾಗಲೂ ಪೂರ್ತಿಯಾಗಿ ಓದಿದೆ. ವಿಮಾನ ನೀರಿಗೆ ಬೀಳಲಿಲ್ಲ.

ಸಿಂಧನೂರು

ಶರಣಪ್ಪ ನನ್ನ ಬಾಲ್ಯದ ಗೆಳೆಯ, ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟವನು. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಹಳೆಯ ವಾಲ್ವ್ ರೇಡಿಯೊಗಳನ್ನು ಬಿಚ್ಚಿ ಜೋಡಿಸುವುದು ನನ್ನ ಚಟ. ಇಸ್ಪೀಟಿಗಿಂತ ಇದು ವಾಸಿ ಎಂದು ನನ್ನ ಹೆಂಡತಿ ಮೊದಮೊದಲು ನಂಬಿದ್ದಳು. ಇಸ್ಪೀಟಿನವರ ಮನೆಯಲ್ಲಿ ಊಟಕ್ಕೆ ಕೂಡಲು ಜಾಗವಾದರೂ ಇರುತ್ತದೆ ಎಂದು ಆಮೇಲೆ ತಿದ್ದಿಕೊಂಡಳು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶರಣಪ್ಪ ಮುಂಬಯಿಯ ಹಳೆ ಸಾಮಾನಿನ ಬಜಾರಿನಿಂದ ಒಂದು ಜಪಾನಿ ರೇಡಿಯೊಗ್ರಾಮ್ ತಂದ. ಅಡ್ಡ ಮಲಗಿಸಿದ ಕಪಾಟಿನಂಥ ಮರದ ಪೆಟ್ಟಿಗೆ. ಎಡಕ್ಕೆ ರೇಡಿಯೊ, ಬಲಕ್ಕೆ ತಟ್ಟೆ ತಿರುಗುವ ಯಂತ್ರ, ನಡುವೆ ಇಲಿಗಳ ಸಂಸಾರ. ಇಲಿಗಳನ್ನು ಒಕ್ಕಲೆಬ್ಬಿಸಿ, ಮೇಣ ಕಾರಿದ ಕಂಡೆನ್ಸರುಗಳನ್ನು ಬದಲಿಸಿ, ಮೋಟಾರಿಗೆ ಎಣ್ಣೆ ಕಾಣಿಸಿ ಜೀವ ತರಿಸುವ ಕೆಲಸ ನನಗೆ ಬಂತು. ವಾಲ್ವುಗಳು ಮೆಲ್ಲಗೆ ಕೆಂಪಗಾಗಿ, ಬೆಚ್ಚಗಾದ ಧೂಳು, ಅರಗು, ಹಳೆ ಕಟ್ಟಿಗೆಗಳ ವಾಸನೆ ಕೋಣೆ ತುಂಬಿದಾಗ ನಾನೂ ಶರಣಪ್ಪನೂ ಹೆರಿಗೆಯ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದೆವು.

ಮೋಟಾರಿನ ತಗಡಿನ ಮೇಲೆ ನೂರು ಎಂದೂ ಅರವತ್ತು ಎಂದೂ ಕೆತ್ತಿತ್ತು. ನೂರು ಅಂದರೆ ಅವರ ದೇಶದ ವೋಲ್ಟೇಜು ಎಂದು ತಿಳಿದು, ನಮ್ಮ ಕರೆಂಟನ್ನು ಇಳಿಸಲು ಟ್ರಾನ್ಸ್‌ಫಾರ್ಮರನ್ನು ನನ್ನ ಕೈಯಾರೆ ಸುತ್ತಿದೆ. ಅರವತ್ತರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಉರಿಯುವ ಬಲ್ಬಿನ ಮೇಲೂ ಅರವತ್ತು ಎಂದೇ ಇರುತ್ತದಲ್ಲ.

ಇಷ್ಟೆಲ್ಲ ಮಾಡಿದ್ದು ಶರಣಪ್ಪನ ಅಕ್ಕ ನೀಲಮ್ಮನಿಗಾಗಿ. ಲಿಂಗಸುಗೂರಿಗೆ ಕೊಟ್ಟ ಹೆಣ್ಣುಮಗಳು. ಮದುವೆಗೆ ಮೊದಲು, ಹದಿನೇಳರ ವಯಸ್ಸಿನಲ್ಲಿ, ಹುಬ್ಬಳ್ಳಿಗೆ ಬಂದಿದ್ದ ರೆಕಾರ್ಡಿನ ಕಂಪನಿಯವರ ಮುಂದೆ ಒಂದು ತತ್ವಪದ ಹಾಡಿದ್ದರು. ಆ ಕರಿ ತಟ್ಟೆ ಒಂದೇ ಒಂದು ಉಳಿದಿತ್ತು. ನೀಲಮ್ಮಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಶರಣಪ್ಪ ಯಂತ್ರವನ್ನು ಲಿಂಗಸುಗೂರಿಗೆ ಒಯ್ದು, ಬೀಗರು ಬಿಜ್ಜರೆಲ್ಲ ಕೂತ ಪಡಸಾಲೆಯಲ್ಲಿ ತಟ್ಟೆ ಹಾಕಿದ. ಯಂತ್ರ ಹಾಡಿತು. ಗಟ್ಟಿಮುಟ್ಟಾದ ಒಬ್ಬ ಗಂಡಸು ನಿದ್ದೆಗಣ್ಣಿನಲ್ಲಿ ಹಾಡಿದಂತಿತ್ತು. ಬೀಗರು ಸೆರಗು, ಟವೆಲು ಬಾಯಿಗೊತ್ತಿಕೊಂಡು ನಕ್ಕರು.

ನೀಲಮ್ಮಕ್ಕ ಎದ್ದು ನಿಂತರು. "ಇದು ನಾನಲ್ಲ. ನಾ ಹಾಡಿದ್ದು ಕರಿ ನಾಕರಾಗ. ಇದು ಯಾವನೋ ಬಿಳಿ ನಾಕರಾಗ ಗೊಗ್ಗರ ದನಿ ತಗದಾನ" ಎಂದರು. ಹಾರ್ಮೋನಿಯಂ ಹಾಡುಗಾರರ ಲೆಕ್ಕ ಇದು: ಪೆಟ್ಟಿಗೆಯ ಕರಿ ಮನೆಗಳಲ್ಲಿ ನಾಲ್ಕನೆಯದನ್ನು ಷಡ್ಜ ಹಿಡಿದು ಹಾಡಿದ್ದೆ ಎಂದು ಅರ್ಥ, ಬಿಳಿ ನಾಲ್ಕು ಅದಕ್ಕಿಂತ ಮೂರು ಮನೆ ಕೆಳಗಿನದು. "ಮಂದಿ ಮುಂದ ನನ್ನ ಮರ್ಯಾದಿ ತಗದಿ ತಮ್ಮಾ. ಈ ಡಬ್ಬಿ ನನ್ನ ದನೀಲೆ ಹಾಡೂತನಕ ನಾ ತವರಿಗೆ ಬರಂಗಿಲ್ಲ."

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು, ಅಣ್ಣತಮ್ಮಂದಿರು ಹೋಗಿ ಕರೆತರಲೇಬೇಕು. ಎರಡು ಪಂಚಮಿ ಶರಣಪ್ಪನ ಜೀಪು ಲಿಂಗಸುಗೂರಿಗೆ ಹೋಗಿ ಖಾಲಿ ಬಂತು. ಸಿಂಧನೂರಿನಲ್ಲಿ ಇಂಥ ಸುದ್ದಿ ಭತ್ತದ ಧಾರಣೆಗಿಂತ ಬೇಗ ಹಬ್ಬುತ್ತದೆ.

ಕೈಯಿಂದ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಹಾಕಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಅದರ ಮುಳ್ಳು ತಟ್ಟೆಯನ್ನು ಉತ್ತುಬಿಡುತ್ತದೆ. ಮೇಲಾಗಿ, ಮರ್ಯಾದೆ ಹೋದದ್ದು ಯಾವ ಯಂತ್ರದಿಂದಲೋ ಅದರಿಂದಲೇ ಮರಳಬೇಕೆಂದು ಶರಣಪ್ಪನ ಹಟ. ನಾನು ಯಂತ್ರ ಬಿಚ್ಚಿ, ಮೋಟಾರಿನ ತುದಿಯ ಪುಲ್ಲಿ, ಅಂದರೆ ತಟ್ಟೆಯನ್ನು ತಿರುಗಿಸುವ ಪುಟ್ಟ ಗಾಲಿ, ಸವೆದಿದೆ, ಅದಕ್ಕೇ ತಟ್ಟೆ ನಿಧಾನ ಎಂದು ಡಾಕ್ಟರರ ಗಾಂಭೀರ್ಯದಿಂದ ತೀರ್ಪು ಕೊಟ್ಟೆ. ಅದೇ ಹೊತ್ತಿಗೆ ಅಕ್ಕಿ ಪಾಲಿಶ್ ಮಾಡುವ ಯಂತ್ರದ ಕಂಪನಿಯೊಂದು ಗಿರಣಿ ಮಾಲೀಕರನ್ನು ಜಪಾನಿಗೆ ಕರೆಯಿತು.

"ನೀ ಬಾ ಮಾಸ್ತರ. ನನಗ ಇಂಗ್ಲಿಷ್ ಬರಂಗಿಲ್ಲ" ಎಂದ ಶರಣಪ್ಪ.

"ಅವರಿಗೂ ಬರಂಗಿಲ್ಲಂತಪಾ."

"ಛಲೋ ಆತಲ್ಲ! ಹಂಗಾರ ನಿನ್ನ ತಪ್ಪು ಹಿಡಿಯೋರು ಯಾರೂ ಇಲ್ಲ."

ಹೊರಡುವ ಮುನ್ನ ನೀಲಮ್ಮಕ್ಕ ತಟ್ಟೆಯ ಜೊತೆಗೆ ಒಂದು ಕುಂಕುಮದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ತಮ್ಮನ ಕೈಯಲ್ಲಿ ಅಲ್ಲ, ಅವನೊಡನೆ ಮಾತಿರಲಿಲ್ಲ. ಡಬ್ಬಿಯೊಳಗೆ ತಮ್ಮ ಹಾರ್ಮೋನಿಯಮ್ಮಿನಿಂದ ಬಿಚ್ಚಿಸಿದ ಒಂದು ಹಿತ್ತಾಳೆಯ ಸ್ವರಪಟ್ಟಿ ಇತ್ತು. ಬಾಯಿಗಿಟ್ಟು ಊದಿದರೆ ಕರಿ ನಾಲ್ಕು ನುಡಿಯುತ್ತದೆ. "ಮಾಸ್ತರ್ರ, ಇದಕ್ಕ ಕೂಡಿದ್ರ ಅದು ನಾನು. ಕೂಡಲಿಲ್ಲಂದ್ರ, ಬರೂ ಮುಂದ ತಟ್ಟಿ ಸಮುದ್ರಕ್ಕ ಬಿಟ್ಟ ಬರ್ರಿ" ಎಂದರು.

ಒಸಾಕಾ, ಸುಂಕದ ಕಟ್ಟೆ

ತಟ್ಟೆ ಒಡೆಯಬಾರದೆಂದು ಶರಣಪ್ಪ ಅದನ್ನು ತಗಡಿನ ಡಬ್ಬಿಯಲ್ಲಿಟ್ಟು ಸುತ್ತ ತನ್ನ ಗಿರಣಿಯ ಭತ್ತದ ಹೊಟ್ಟು ತುಂಬಿದ್ದ. ಗಾಜಿನ ಬಳೆಗಳನ್ನು ಹಾಗೆಯೇ ಒಯ್ಯುತ್ತಾರೆ, ಇದರಲ್ಲಿ ಹೊಸದೇನೂ ಇಲ್ಲ. ಆದರೆ ಜಪಾನಿನವರು ಭತ್ತದ ವಿಷಯದಲ್ಲಿ ಬಹಳ ಮಡಿವಂತರು. ಹೊರಗಿನ ಭತ್ತದ ಸಿಪ್ಪೆಯೂ ಅವರ ದೇಶದೊಳಗೆ ಕಾಲಿಡುವಂತಿಲ್ಲ. ಬಿಳಿ ಕೈಗವಸು ತೊಟ್ಟ ಅಧಿಕಾರಿಯೊಬ್ಬ ಹೊಟ್ಟನ್ನು ಒಂದು ಚೂರೂ ಬಿಡದೆ ಬಳಿದು ತೆಗೆದು, ಚೀಲದಲ್ಲಿ ಕಟ್ಟಿ, ಮುದ್ರೆ ಹಾಕಿದ.

"ಹೊಟ್ಟಿಗೂ ಈ ಪರಿ ಮರ್ಯಾದೀನಾ? ನಮ್ಮಲ್ಲಿ ಬಾಯ್ಲರಿಗೆ ಹಾಕಿ ಸುಡ್ತೀವಲ್ಲೋ!" ಎಂದು ಶರಣಪ್ಪ ಮೂಗಿನ ಮೇಲೆ ಬೆರಳಿಟ್ಟ.

ಆಮೇಲೆ ಆ ಅಧಿಕಾರಿ ಎಲ್ಲಿಂದಲೋ ಹಳೆ ಪತ್ರಿಕೆಗಳನ್ನು ತಂದು, ಮಡಿಸಿ ಮಡಿಸಿ, ತಟ್ಟೆಯನ್ನು ನಮಗಿಂತ ಚೆನ್ನಾಗಿ ಕಟ್ಟಿಕೊಟ್ಟ. ಕುಂಕುಮದ ಡಬ್ಬಿ ತೆರೆದು ಸ್ವರಪಟ್ಟಿ ತೋರಿಸಿ ಏನೆಂದು ಸನ್ನೆ ಮಾಡಿದ. ಶರಣಪ್ಪ ಬಾಯಿಗಿಟ್ಟು ಊದಿದ. ಸಾಲಿನಲ್ಲಿ ನಿಂತವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಯಾವುದೋ ಅಪ್ಪಣೆಯಾಯಿತೆಂದು ತಿಳಿದಿರಬೇಕು.

ಒಸಾಕಾ, ಹಳೆ ಯಂತ್ರಗಳ ಓಣಿ

ಅಕ್ಕಿಯ ಕಾರ್ಖಾನೆ ನೋಡಿದ್ದಾಯಿತು. ಅಲ್ಲಿ ಅಕ್ಕಿ ಎಷ್ಟು ಬೆಳ್ಳಗೆ ಬರುತ್ತಿತ್ತೆಂದರೆ ತಿನ್ನುವ ಪದಾರ್ಥವೆಂಬ ನಂಬಿಕೆಯೇ ಬರಲಿಲ್ಲ. ಮರುದಿನ ಕಂಪನಿಯವರು ಹೇಳಿದ ಓಣಿಗೆ ಹೋದೆವು. ಓಣಿಯುದ್ದಕ್ಕೂ ರೇಡಿಯೊ, ವಾಲ್ವು, ತಟ್ಟೆಯ ಯಂತ್ರ. ನಮ್ಮಲ್ಲಿ ಹಳೆಯದಾದರೆ ತೂಕಕ್ಕೆ ಹಾಕುತ್ತೇವೆ. ಅವರು ಹಳೆಯದಾದರೆ ಒರೆಸಿ ಗಾಜಿನ ಕಪಾಟಿನಲ್ಲಿಟ್ಟು ಹೆಸರು ಬರೆಯುತ್ತಾರೆ. ನನಗೆ ಬಾಯಲ್ಲಿ ನೀರೂರಿತು. ಮಿಠಾಯಿ ಅಂಗಡಿಯ ಮುಂದೆ ನಿಂತ ಸಕ್ಕರೆ ಕಾಯಿಲೆಯವನ ಸ್ಥಿತಿ ನನ್ನದು.

ಒಂದು ಅಂಗಡಿಯಲ್ಲಿ ಎಪ್ಪತ್ತರ ಆಸುಪಾಸಿನ ಮುದುಕ. ನಮ್ಮ ಹಳೆ ಪುಲ್ಲಿ ನೋಡಿದ, ತಲೆಯಾಡಿಸಿದ. ಅದೇ ಮಾದರಿಯ ಯಂತ್ರ ಅವನಲ್ಲೇ ಇತ್ತು. ತಟ್ಟೆ ಹಾಕಲು ಸನ್ನೆಯಿಂದ ಕೇಳಿದೆವು. ಹಾಕಿದ.

ಹೆಣ್ಣುದನಿ ಬಂತು. ಕಬ್ಬಿನ ಜಲ್ಲೆ ಮುರಿದಂಥ ಎಳೆಯ ದನಿ. ಶರಣಪ್ಪ ಸ್ವರಪಟ್ಟಿ ಊದಿದ. ಎರಡೂ ಒಂದರೊಳಗೊಂದು ಇಳಿದು ಕೂತವು. ಅವನ ಕಣ್ಣಲ್ಲಿ ನೀರು.

"ನಮ್ಮಕ್ಕ ಮಾಸ್ತರ! ನಾ ಸಣ್ಣವಿದ್ದಾಗ ಹಿಂಗ ಹಾಡ್ತಿದ್ಲು. ಇದ ಪುಲ್ಲಿ ಬೇಕು. ಇದನ್ನ ಕಟ್ಟಸು."

ಮುದುಕ "ಇಂಡಿಯಾ?" ಎಂದು ಕೇಳಿದ. ಹೌದೆಂದೆವು. ಆತ, ತಟ್ಟೆಯನ್ನು ಹಾಡಿಸಿದ ಪುಲ್ಲಿಯನ್ನು ಬಿಚ್ಚಿ ಪಕ್ಕಕ್ಕಿಟ್ಟ. ಒಳಗಿನ ಖಾನೆಯಿಂದ ಇನ್ನೊಂದು ಪುಲ್ಲಿ, ತುಸು ದಪ್ಪನೆಯದು, ತೆಗೆದು ಕಾಗದದಲ್ಲಿ ಸುತ್ತತೊಡಗಿದ.

ಇಲ್ಲಿ ಭತ್ತದ ವ್ಯಾಪಾರದ ಒಂದು ಧರ್ಮಸೂಕ್ಷ್ಮ ಹೇಳಬೇಕು. ಸಿಂಧನೂರಿನ ದಲಾಲಿ ಅಂಗಡಿಗಳಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಮಾದರಿ ತೆಗೆಯುತ್ತಾರೆ. ಮಾದರಿ ನೋಡಿ ಮಾತು ಕೊಡುತ್ತಾರೆ. ಆಮೇಲೆ ಮಾದರಿಯೇ ಬೇರೆ, ಬಂದ ಮಾಲೇ ಬೇರೆಯಾದರೆ ಅದಕ್ಕಿಂತ ದೊಡ್ಡ ಪಾಪ ಆ ಬಜಾರಿನಲ್ಲಿ ಇಲ್ಲ. ಕೊಲೆಯಾದರೆ ರಾಜಿಯಾದೀತು.

ಶರಣಪ್ಪ ಮುದುಕನ ಮಣಿಕಟ್ಟು ಹಿಡಿದ. "ಏ ಯಜಮಾನ! ತೋರ್ಸೂದೊಂದು, ಕಟ್ಟೂದೊಂದು? ನಮ್ಮೂರಾಗ ಇಂಥಾ ದಗಾಬಾಜ್ ಮಂದೀನ ಭಾಳ ನೋಡೀನಿ. ಹಾಡಿದ್ದನ್ನ ಕೊಡು!"

ಮುದುಕ ಏನೇನೋ ಹೇಳಿದ. ಗೋಡೆಯ ಪ್ಲಗ್ಗನ್ನು ತೋರಿಸಿದ, ಬೀದಿಯ ತಂತಿ ತೋರಿಸಿದ, ಕೊನೆಗೆ ಆಕಾಶವನ್ನೂ ತೋರಿಸಿದ. ಅವನ ಜಪಾನಿಗೂ ನನ್ನ ಇಂಗ್ಲಿಷಿಗೂ ಎಲ್ಲಿಯೂ ಗಡಿ ಸೇರಲಿಲ್ಲ. ನಾನೂ ಗೆಳೆಯನ ಪಕ್ಷ ವಹಿಸಿ ಹಾಡಿದ ಪುಲ್ಲಿಯ ಮೇಲೆಯೇ ಬೆರಳಿಟ್ಟೆ. ಮುದುಕ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಸೊಂಟದಿಂದ ಬಾಗಿ ನಮಸ್ಕರಿಸಿ, ನಾವು ಕೇಳಿದ್ದನ್ನೇ ಕಟ್ಟಿಕೊಟ್ಟ.

"ನೋಡಿದ್ಯಾ? ಸಿಕ್ಕಿಬಿದ್ದ ಕೂಡ್ಲೇ ಹೆಂಗ ಬಗ್ಗಿದ!" ಎಂದ ಶರಣಪ್ಪ ಹೊರಗೆ ಬಂದು.

ರೈಲಿನಲ್ಲಿ

ಟೋಕಿಯೊಗೆ ಹೋಗುವ ರೈಲು ಬಂದೂಕಿನಿಂದ ಬಿಟ್ಟಂತೆ ಹೋಗುತ್ತದೆ. ಜನ ಅದರೊಳಗೆ ಮಲಗಿಕೊಂಡು ಹೋಗುತ್ತಾರೆ. ಎದುರು ಸೀಟಿನ ಮುದುಕಿ ನಮಗೆ ಕಿತ್ತಳೆ ಸುಲಿದು ಕೊಟ್ಟು, ಸಿಪ್ಪೆಯನ್ನು ಹೂವಿನ ಆಕಾರದಲ್ಲೇ ಕಾಗದದಲ್ಲಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಶರಣಪ್ಪ ಬೆಟ್ಟ, ಸಮುದ್ರ, ಜಗತ್ಪ್ರಸಿದ್ಧವಾದ ಆ ಹಿಮದ ಪರ್ವತ ಯಾವುದನ್ನೂ ನೋಡಲಿಲ್ಲ. ಗದ್ದೆ ನೋಡಿದ.

"ಮಾಸ್ತರ, ಕಾಲುವಿ ಕಟ್ಟಕಡೀ ಹೊಲಕ್ಕೂ ನೀರು ಮುಟ್ಟೈತಿ ಇಲ್ಲಿ. ಮೇಲಿನ ಹೊಲದಾವ್ರು ತೂಬು ಒಡ್ಯಂಗಿಲ್ಲೇನು?"

"ಒಡ್ಯಂಗಿಲ್ಲ ಕಾಣ್ತೈತಿ."

"ಮತ್ತ ಮಳಿಗಾಲದಾಗ ಹೊತ್ತು ಹೆಂಗ ಕಳೀತಾರ ಪಾಪ?" ಎಂದು ಮರುಗಿದ.

ಟೋಕಿಯೊ

ಇಲ್ಲಿನವರು ಚಹಾದಂಗಡಿಯಲ್ಲಿ ಕೂತು ಸಂಗೀತ ಕೇಳುತ್ತಾರೆಂದು ಕಂಪನಿಯವರು ಹೇಳಿದ್ದರು. ನಾವು ಹೋದ ಅಂಗಡಿ ನೆಲಮಾಳಿಗೆಯಲ್ಲಿತ್ತು. ಎದುರು ಗೋಡೆಗೆ ಜೋಳ ತುಂಬಿಡುವ ಹಗೇವಿನಷ್ಟು ದೊಡ್ಡ ಎರಡು ಸ್ಪೀಕರು. ಹತ್ತಾರು ಜನ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ ಕೂತಿದ್ದಾರೆ. ಮಾತಾಡುವಂತಿಲ್ಲ ಎಂಬ ಬರಹ ಗೋಡೆಯ ಮೇಲೆ. ಶರಣಪ್ಪನ ಗಂಟಲು ಮಾತ್ರ ಇಪ್ಪತ್ತು ವರ್ಷ ಗಿರಣಿಯ ಗದ್ದಲದ ಮೇಲೆ ಕೂಗಿ ಪಳಗಿದ್ದು.

"ಮಾಸ್ತರ, ಇವರಾಗ ಯಾರ್ರ ತೀರ್ಕೊಂಡಾರೇನು?" ಎಂದು ಅವನು ಪಿಸುಗುಟ್ಟಿದ. ಹತ್ತಾರು ಕಣ್ಣುಗಳು ತೆರೆದವು.

ನಮ್ಮಲ್ಲಿ ರೇಡಿಯೊ ಎಂದರೆ ಓಣಿಯ ಆಸ್ತಿ. ಹಾಡು ನಡೆದಿರುವಾಗಲೇ ಹಾಡಿದವರ ಕುಲ, ಗೋತ್ರ, ಹಲ್ಲಿನ ಸಂಖ್ಯೆ ಎಲ್ಲ ಚರ್ಚೆಯಾಗಿ ಮುಗಿಯುತ್ತದೆ. ಇಲ್ಲಿ ಹಾಡು ಮುಗಿದ ಮೇಲೂ ಸೂಜಿ ಕೊನೆಯ ಸುತ್ತಿನಲ್ಲಿ ಕೆರೆಯುವ ಸದ್ದನ್ನೂ ಕೇಳಿ ಮುಗಿಸಿಯೇ ಉಸಿರು ಬಿಡುತ್ತಾರೆ. ಯಾವುದು ಸರಿ ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ಅವರ ಹಾಗೆ ಕೇಳಿದರೆ ಹಾಡು ತಿಳಿಯುತ್ತದೆ, ನಮ್ಮ ಹಾಗೆ ಕೇಳಿದರೆ ಓಣಿ ತಿಳಿಯುತ್ತದೆ.

ಮೂಲೆಯಲ್ಲಿ ಮುಚ್ಚಳ ತೆಗೆದಿಟ್ಟ, ನಮ್ಮ ಮಾದರಿಯದೇ ಯಂತ್ರವೊಂದು ಕಂಡು ನಾನು ಅತ್ತ ಸರಿದೆ. ಅಂಗಡಿಯ ಮಾಲೀಕನಿಗೂ ನನ್ನದೇ ಚಟ, ನನ್ನಷ್ಟೇ ಇಂಗ್ಲಿಷ್. ನಾನು ಪುಲ್ಲಿ ತೋರಿಸಿದೆ. ಆತ ಕನ್ನಡಕ ಏರಿಸಿ ಅದರ ಅಂಚನ್ನು ನೋಡಿ ಏನೋ ಅನುಮಾನಿಸಿದ. ಆದರೂ, ನೆರೆದವರ ಒಪ್ಪಿಗೆ ಪಡೆದು, ನಮ್ಮ ಪುಲ್ಲಿಯನ್ನೇ ಆ ಯಂತ್ರಕ್ಕೆ ತೊಡಿಸಿ ನಮ್ಮ ತಟ್ಟೆ ಹಾಕಿದ. ಎಲ್ಲರೂ ಕಣ್ಣು ಮುಚ್ಚಿದರು.

ಗಂಡಸು ಹಾಡತೊಡಗಿದ. ಅದೇ ಗೊಗ್ಗರು ದನಿ, ಅದೇ ಬಿಳಿ ನಾಲ್ಕು.

"ಮುದುಕ ಕೈ ಕೊಟ್ಟ!" ಎಂದು ಶರಣಪ್ಪ ಎದ್ದು ನಿಂತ. "ಹಾಡಿದ್ದನ್ನ ಕಟ್ಟೀನಿ ಅಂತ ತೋರಿಸಿ ಅದಲಿ ಬದಲಿ ಮಾಡ್ಯಾನ!"

ಮಾಲೀಕ ಇಲ್ಲವೆಂದು ಕೈಯಾಡಿಸಿ, ಒಂದು ಕಾಗದದ ಮೇಲೆ ಅವರ ದೇಶದ ನಕ್ಷೆ ಬರೆದ. ನಡುವೆ ಅಡ್ಡಗೆರೆ ಎಳೆದ. ಅವರಲ್ಲಿ ಎರಡು ಬಗೆಯ ಕರೆಂಟು. ಒಸಾಕಾದ ಕಡೆ ಅದು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ಟೋಕಿಯೊ ಕಡೆ ಐವತ್ತು. ಈ ಯಂತ್ರಗಳ ಮೋಟಾರು ಆ ಮಿಡಿತಕ್ಕೆ ತಕ್ಕಂತೆ ತಿರುಗುತ್ತದೆ. ಹಿಂದುಸ್ಥಾನದಲ್ಲಿ ಐವತ್ತು, ಎಂದು ನಮಗೇ ನಮ್ಮ ದೇಶದ ಸಂಗತಿ ತಿಳಿಸಿದ. ಮೋಟಾರಿನ ತಗಡಿನ ಮೇಲಿದ್ದ ಅರವತ್ತು ನನ್ನ ಕಣ್ಣ ಮುಂದೆ ಬಂತು. ಪುಲ್ಲಿ ಎಂದೂ ಸವೆದಿರಲಿಲ್ಲ.

ನಾನು ವಿವರಿಸಿ ಮುಗಿಸುವ ಮೊದಲೇ ಶರಣಪ್ಪನಿಗೆ ತಿಳಿದುಹೋಯಿತು. ಗಿರಣಿ ನಡೆಸುವವನಿಗೆ ಪುಲ್ಲಿಯ ಪಾಠ ಬೇಕಿಲ್ಲ. "ಮೋಟಾರು ನಿಧಾನ ತಿರುಗಿದ್ರ ಪುಲ್ಲಿ ದಪ್ಪಂದು ಹಾಕಬೇಕು..." ಎಂದವನು ಅಲ್ಲಿಯೇ ನಿಂತ. "ಆ ಮುದುಕ ದಪ್ಪಂದ ಕಟ್ಟಾಕತ್ತಿದ್ನಲ್ಲೋ."

ಚಹಾದಂಗಡಿಯ ಮಾಲೀಕನಲ್ಲಿ ಅಂಥ ಪುಲ್ಲಿ ಮಾರಾಟಕ್ಕಿರಲಿಲ್ಲ. ಇದ್ದದ್ದು ಅವನ ಯಂತ್ರದ್ದೊಂದೇ. ನಮ್ಮ ವಿಮಾನ ಮರುದಿನ ಸಂಜೆ. ನಾನು ಸಮಾಧಾನ ಹೇಳಿದೆ: "ಚಿಂತಿ ಬ್ಯಾಡ ಸಾವ್ಕಾರ. ಲೆಕ್ಕ ತಿಳೀತಲ್ಲ. ಹಟ್ಟಿ ಬಂಗಾರದ ಗಣ್ಯಾಗ ಲೋಹ ಕೊರಿಯೂ ಲೇತ್ ಅದಾವ. ಅಲ್ಲೇ ತಿರುವಿಸಿದ್ರಾತು."

ಶರಣಪ್ಪ ಪುಲ್ಲಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆ ಅಂಗಡಿಯ ನಿಯಮವನ್ನು ಅವನು ಪಾಲಿಸಿದ್ದು ಆಗ ಮಾತ್ರ.

"ಪುಲ್ಲಿ ಹಟ್ಟಿ ಲೇತಿನಾಗ ಆಗ್ತೈತಿ ಮಾಸ್ತರ. ಆ ಹಿರಿಯಾನ ಕೈ ಹಿಡದು ದಗಾಬಾಜ ಅಂದೆನಲ್ಲ, ಅದನ್ನ ಯಾವ ಲೇತಿನಾಗ ತಿರುವಸ್ತಿ?"

ಮತ್ತೆ ಒಸಾಕಾ

ಟೋಕಿಯೊದ ಅರಮನೆ, ಗೋಪುರ, ದೇವಸ್ಥಾನಗಳನ್ನು ನಾನು ವರ್ಣಿಸಲಾರೆ. ಅವನ್ನು ನೋಡಬೇಕಾಗಿದ್ದ ಬೆಳಗನ್ನು ನಾವು ಮತ್ತೆ ರೈಲಿನಲ್ಲಿ ಕಳೆದೆವು.

ಮುದುಕ ನಮ್ಮನ್ನು ಕಂಡು ಎದ್ದು ನಿಂತ. ಶರಣಪ್ಪ ಟೋಪಿ ತೆಗೆದ. ಊರಿನಲ್ಲಿ ತಹಶೀಲ್ದಾರರ ಮುಂದೆಯೂ ತೆಗೆಯದ ಟೋಪಿ ಅದು. ಕ್ಷಮೆ ಕೇಳುವ ಮಾತು ನಾನು ಇಂಗ್ಲಿಷಿನಲ್ಲಿ ಜೋಡಿಸುತ್ತಿರುವಾಗಲೇ ಅವನು ಮುದುಕ ಬಾಗಿದಂತೆಯೇ ಸೊಂಟದಿಂದ ಬಾಗಿದ. ಮುದುಕನೂ ಬಾಗಿದ. ಇವನು ಇನ್ನೂ ತುಸು ಬಾಗಿದ. ಯಾರಾದರೂ ತಡೆಯದಿದ್ದರೆ ಇಬ್ಬರೂ ನೆಲ ಮುಟ್ಟುತ್ತಾರೆಂದು ನಾನು ಕೆಮ್ಮಿದೆ.

ಮುದುಕ ದಪ್ಪ ಪುಲ್ಲಿಯನ್ನು ತಂದು, ಮೊದಲು ನಮ್ಮ ಕಡೆ ಕೈಯೆತ್ತಿ ತಡೆಯಿರಿ ಎಂದು ಸನ್ನೆ ಮಾಡಿ, ತನ್ನ ಯಂತ್ರಕ್ಕೆ ತೊಡಿಸಿದ. ತಟ್ಟೆ ಹಾಕಿದ. ಅವನ ಊರಿನ ಕರೆಂಟಿಗೆ ಆ ಪುಲ್ಲಿ ಓಡಿದ್ದೇ ಓಡಿದ್ದು. ನೀಲಮ್ಮಕ್ಕ ಗಿಣಿಯಾಗಿ, ಏಳು ವರ್ಷದ ಕೂಸಾಗಿ, ಬಸ್ಸು ತಪ್ಪೀತೆಂಬ ಅವಸರದಲ್ಲಿ ತತ್ವಪದ ಹಾಡಿ ಮುಗಿಸಿದರು. ಕರಿ ನಾಲ್ಕು ಎಲ್ಲೋ ಕೆಳಗೆ ಉಳಿದಿತ್ತು. ಮುದುಕ ನಮ್ಮ ಮುಖ ನೋಡಿದ. ಕೇಳಿದಿರಲ್ಲ, ಇಲ್ಲಿ ತಪ್ಪು ಹಾಡುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ ಎಂಬಂತಿತ್ತು ಆ ನೋಟ.

ಇಪ್ಪತ್ತು ವರ್ಷ ಮಾದರಿ ಕಾಣದೆ ಒಂದು ಹಿಡಿ ಭತ್ತ ಕೊಳ್ಳದ ಮನುಷ್ಯ ಈಗ ಕೆಟ್ಟ ಮಾದರಿ ಕಿವಿಯಾರೆ ಕೇಳಿಯೂ ಮಾಲು ಕೊಳ್ಳಬೇಕಿತ್ತು. ಶರಣಪ್ಪ ಸ್ವರಪಟ್ಟಿಯ ಡಬ್ಬಿಯನ್ನು ಕಿಸೆಯಿಂದ ತೆಗೆದ, ಮತ್ತೆ ಹಾಗೆಯೇ ಕಿಸೆಗಿಟ್ಟ.

"ಕಟ್ರಿ ಯಜಮಾನ್ರ. ನಿಮ್ಮ ಮಾತಿನ ಮ್ಯಾಲ ಒಯ್ತೀನಿ" ಎಂದ, ಶುದ್ಧ ಸಿಂಧನೂರಿನ ಕನ್ನಡದಲ್ಲಿ. ಮುದುಕ ಕಟ್ಟಿದ. ಭಾಷಾಂತರಕ್ಕೆಂದು ವಿಮಾನ ಹತ್ತಿಸಿ ಕರೆತಂದ ನನ್ನ ಅವಶ್ಯಕತೆ ಇಬ್ಬರಿಗೂ ಬೀಳಲಿಲ್ಲ.

ಲಿಂಗಸುಗೂರು

ಪಡಸಾಲೆಯಲ್ಲಿ ಈ ಸಲ ಬೀಗರಿರಲಿಲ್ಲ. ಶರಣಪ್ಪ ಯಾರನ್ನೂ ಕರೆದಿರಲಿಲ್ಲ. ನಾನು ಪುಲ್ಲಿ ತೊಡಿಸುವಾಗ ಸ್ಕ್ರೂ ಎರಡು ಸಲ ಕೈಜಾರಿತು. ಕರೆಂಟು ಹೋಯಿತು. ಅದು ಬರುವವರೆಗೆ ಮೂವರೂ ಯಂತ್ರವನ್ನೇ ನೋಡುತ್ತ ಕೂತೆವು. ಅಕ್ಕ ತಮ್ಮ ಒಬ್ಬರೊಡನೊಬ್ಬರು ಮಾತಾಡಲಿಲ್ಲ, ಇಬ್ಬರೂ ನನ್ನೊಡನೆ ಮಾತಾಡಿದರು.

"ಮಾಸ್ತರ್ರ, ಇವಗ ಚಹಾ ಬೇಕೇನು ಕೇಳ್ರಿ."

"ಬ್ಯಾಡಂತ ಹೇಳು ಮಾಸ್ತರ."

ಕರೆಂಟು ಬಂತು. ವಾಲ್ವು ಕಾದವು. ತಟ್ಟೆ ತಿರುಗಿತು. ಎಳೆಯ ಹೆಣ್ಣುದನಿ ಪಡಸಾಲೆಯ ಜಂತಿಗೆ ಹೋಗಿ ಮುಟ್ಟಿತು. ಶರಣಪ್ಪ ಕಣ್ಣು ಮುಚ್ಚಿದ್ದ, ಟೋಕಿಯೊದವರ ಹಾಗೆ. ನೀಲಮ್ಮಕ್ಕನ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯ ನುಡಿಯ ನಡುವೆ ಅವರು ಒಮ್ಮೆಲೇ ಕೈಯೆತ್ತಿದರು.

"ಇಲ್ಲಿ! ಇಲ್ಲಿ ಉಸುರು ಮುರದೀನಿ, ಕೇಳಿದ್ರಿ? ಪೆಟಗಿ ಬಾರಸಾಂವ ಮುಂದ ಮುಂದ ಓಡಾಕತ್ತಿದ್ದ, ಭಾಡ್ಯಾ. ಇನ್ನೊಮ್ಮಿ ಹಾಡ್ತೀನ್ರಿ ಅಂದೆ, ಕಂಪನಿಯವ್ರು ಒಪ್ಪಲಿಲ್ಲ." ಹಾಡು ಮುಗಿಯಿತು. ಅವರು ತಮ್ಮನ ಕಡೆ ತಿರುಗಿದರು. "ಏ ಶರಣ್ಯಾ, ಹಂಗ್ಯಾಕ ಕುಂತಿ ಬಾಯಿ ತಕ್ಕೊಂಡು? ಇನ್ನೊಮ್ಮಿ ಹಾಕು."

ಶರಣಪ್ಪ ಇನ್ನೊಮ್ಮೆ ಹಾಕಿದ.

ಅಕ್ಕಿ ಪಾಲಿಶ್ ಮಾಡುವ ಯಂತ್ರವನ್ನು ಅವನು ಕೊಳ್ಳಲಿಲ್ಲ. ಆ ವರ್ಷದ ಪಂಚಮಿಗೆ ನೀಲಮ್ಮಕ್ಕ ಸಿಂಧನೂರಿಗೆ ಬಂದರು.